ಒಂದು ತಿಂಗಳು ಕಾರಿಲ್ಲದೆ

ನಮ್ಮ ಹನ್ನೆರಡು ವರ್ಷದ ಹಳೆ ಕಾರನ್ನು ಡಿಸೆಂಬರಿನಲ್ಲಿ ಮಾರಿದೆವು. ಹೊಸದಕ್ಕೆ ಮುಂಗಡ ಕೊಡ್ಲಿಕ್ಕೆ ಇವರು ಹೊರಟಾಗ, "ಒಂದು ತಿಂಗಳು ತಡೀರಿ, ಬಸ್ಸಲ್ಲೇ ಓಡಾಡಿ ನೋಡುವಾ" ಅಂದೆ. ಮಗಳ ಕಾಲೇಜು ಫೀಸು ಜೂನಿಗೆ ಬಾಯಿ ತೆರೆದು ಕೂತಿತ್ತು. ಅದರ ಪಕ್ಕದಲ್ಲಿ ಕಾರಿನ ಕಂತನ್ನೂ ಕೂರಿಸುವ ಧೈರ್ಯ ನನಗಿರಲಿಲ್ಲ. ಇವರು ಒಪ್ಪಿದರು, ಆದರೆ ಒಂದು ಶರತ್ತು: ಅಮ್ಮ ಒಂದು ಸಲ "ಕಷ್ಟ ಆಯ್ತು" ಅಂದರೂ ಸಾಕು, ಮರುದಿನವೇ ಶೋರೂಮು. ಅಮ್ಮ ಅಂದರೆ ನನ್ನ ಅತ್ತೆ. ಎಪ್ಪತ್ತೆರಡು ವರ್ಷ, ಎರಡೂ ಮಂಡಿಯಲ್ಲಿ ನೋವು, ನಾಲಗೆಗೆ ಮಾತ್ರ ಯಾವ ನೋವೂ ಇಲ್ಲ.

ನಾವಿರುವುದು ಪರ್ಕಳದಲ್ಲಿ. ಮಣಿಪಾಲ ಗುಡ್ಡದ ಮೇಲೆ, ಉಡುಪಿ ಅದರ ಆಚೆ ಕೆಳಗೆ. ಅಂದರೆ ಸೈಕಲಿನಲ್ಲಿ ಉಡುಪಿಗೆ ಹೋಗುವಾಗಲೂ ಏರು, ಬರುವಾಗಲೂ ಏರು! ಮಗಳ ಗೇರ್ ಸೈಕಲ್ ತೆಗೆದುಕೊಂಡು ಮೊದಲ ದಿನವೇ ಹೊರಟೆ. ಮಣಿಪಾಲಕ್ಕೆ ಏರುವಷ್ಟರಲ್ಲಿ ಗೇರಿಗಿಂತ ಜಾಸ್ತಿ ಸದ್ದು ನನ್ನ ಎದೆಯಲ್ಲಿತ್ತು. ಅಲ್ಲಿಂದ ಎಂಜಿಎಂ, ಕುಂಜಿಬೆಟ್ಟು, ಕಡಿಯಾಳಿ, ಕಲ್ಸಂಕದವರೆಗೆ ಪೆಡಲಿಗೆ ಅಷ್ಟೇನೂ ಕೆಲಸವಿಲ್ಲ. ಆ ಇಳಿಜಾರಿನಲ್ಲಿ ನಾನು ಹತ್ತನೇ ಕ್ಲಾಸಿನ ಹುಡುಗಿ. ವಾಪಸು ಬರುವಾಗ ನನಗೆ ಪುನಃ ನಲ್ವತ್ತಾರು. ಇಂದ್ರಾಳಿಯಲ್ಲಿ ಇಳಿದು ತಳ್ಳಿದೆ. ಪರಿಚಯದವರು ಯಾರೋ ಸ್ಕೂಟರ್ ನಿಲ್ಲಿಸಿ, "ಪಂಕ್ಚರಾ?" ಕೇಳಿದರು. "ಹೌದು" ಅಂದುಬಿಟ್ಟೆ. ಯಾರದು ಅಂತ ಅವರು ಕೇಳಲಿಲ್ಲವಲ್ಲ!

ಬಸ್ಸಿನ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯದ್ದೇ ಬೇರೆ ಲೋಕ. 1914ರಲ್ಲೇ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಶುರುವಾಗಿತ್ತು. ಅಂದಿನಿಂದ ಇಂದಿನವರೆಗೂ ಇಲ್ಲಿ ರಸ್ತೆ ಆಳುವುದು ಖಾಸಗಿ ಬಸ್ಸುಗಳೇ. ಉಡುಪಿಯಲ್ಲಿ ಸಿಟಿ ಬಸ್ಸಿಗೆ ಒಂದು ಸ್ಟ್ಯಾಂಡ್, ಸರ್ವಿಸ್ ಬಸ್ಸಿಗೆ ಇನ್ನೊಂದು, ಕೆಎಸ್ಸಾರ್ಟಿಸಿಗೆ ಮತ್ತೊಂದು. ಹೊರಗಿನಿಂದ ಬಂದವರಿಗೆ ಇದನ್ನು ವಿವರಿಸುವುದಕ್ಕಿಂತ ಅಷ್ಟಮಠಗಳ ಪರ್ಯಾಯದ ಸರದಿ ವಿವರಿಸುವುದು ಸುಲಭ. ಒಳಗೆ ಹತ್ತಿದರೆ "ದುಂಬು ಪೋಲೆ, ದುಂಬು ಪೋಲೆ" ಎಂಬ ಕಂಡಕ್ಟರರ ಮಂತ್ರ. ಮುಂದೆ ಹೋಗ್ಲಿಕ್ಕೆ ಜಾಗ ಉಂಟಾ ಇಲ್ವಾ ಅನ್ನುವುದು ಮಂತ್ರಕ್ಕೆ ಸಂಬಂಧಪಟ್ಟ ವಿಷಯವಲ್ಲ.

ಆದರೆ ಮಣಿಪಾಲ–ಉಡುಪಿ ನಡುವೆ ಒಂದು ಬಸ್ಸು ತಪ್ಪಿದರೆ ಬೇಸರಿಸುವ ಮೊದಲೇ ಇನ್ನೊಂದು ಬರುತ್ತದೆ. ಟೈಗರ್ ಸರ್ಕಲಿನಲ್ಲಿ ಕಾರಿಗೆ ಜಾಗ ಹುಡುಕುತ್ತಾ ಸುತ್ತಿದ ಹೊತ್ತಿಗಿಂತ ಬಸ್ಸಿಗೆ ಕಾದ ಹೊತ್ತು ಕಡಿಮೆ.

ಒಂದು ಮಾತು ಮಾತ್ರ ನುಂಗ್ಲಿಕ್ಕಾಗುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಂಗಸರಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಬೆಂಗಳೂರಿನ ನನ್ನ ತಂಗಿ ಆಧಾರ್ ತೋರಿಸಿ ಮೈಸೂರಿಗೂ ಹೋಗಿ ಬರುತ್ತಾಳೆ. ನಮ್ಮ ಪರ್ಕಳದ ಸ್ಟಾಪಿನಲ್ಲಿ ನಿಂತರೆ ಬರುವ ಹೆಚ್ಚಿನ ಬಸ್ಸುಗಳು ಖಾಸಗಿ. ಅತ್ತೆ ಮೊದಲ ವಾರವಿಡೀ ಆಧಾರ್ ಕಾರ್ಡನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಬಂದರು. ಆಮೇಲೆ ಅದೇ ಗಂಟಿನಲ್ಲಿ ಚಿಲ್ಲರೆ ಇಟ್ಟರು.

ಎರಡನೇ ವಾರ ಕಾರ್ಕಳ. ಬಸ್ಸು ನಮ್ಮ ಮನೆಯ ಹತ್ತಿರವೇ ಸಿಗುತ್ತದೆ. ಆತ್ರಾಡಿ, ಹಿರಿಯಡಕ, ಬೈಲೂರು ದಾಟಿ ಹೋಗುತ್ತದೆ. ಕಾರಿನಲ್ಲಿ ಎಷ್ಟೋ ಸಲ ಹೋದ ದಾರಿ, ಆದರೆ ಸ್ವರ್ಣಾ ನದಿಯನ್ನು ಸರಿಯಾಗಿ ನೋಡಿದ್ದು ಈ ಸಲವೇ. ಕಾರಿನಲ್ಲಿ ನಾನು ನೋಡುತ್ತಿದ್ದದ್ದು ಇವರ ಓವರ್‌ಟೇಕು. ಅತ್ತೆ ಪಕ್ಕದ ಸೀಟಿನ ಹೆಂಗಸಿನ ಹತ್ತಿರ ಹಿರಿಯಡಕ ಬರುವಷ್ಟರಲ್ಲಿ ನೆಂಟಸ್ತಿಕೆ ಹುಡುಕಿ ತೆಗೆದಿದ್ದರು.

ಗೊಮ್ಮಟ ಬೆಟ್ಟದ ಮೆಟ್ಟಿಲು ಅತ್ತೆಯ ಮಂಡಿಗೆ ಆಗುವುದಲ್ಲ. ನಾನೊಬ್ಬಳೇ ಹತ್ತಿದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ 42 ಅಡಿಯ ಬಾಹುಬಲಿ. ರಾಜ್ಯವನ್ನೇ ಗೆದ್ದು ಬಿಟ್ಟುಕೊಟ್ಟವನ ಎದುರು ನಿಂತು ಐದು ಸೀಟಿನ ಕಾರು ಬಿಡುವುದಾ ಬೇಡವಾ ಅಂತ ಲೆಕ್ಕ ಹಾಕುತ್ತಿದ್ದೇನಲ್ಲ ಅನಿಸಿ ಸ್ವಲ್ಪ ನಾಚಿಕೆಯಾಯಿತು. ಎದುರು ದಿಬ್ಬದಲ್ಲಿ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಬಾಗಿಲು. ಉಡುಪಿಯ ಬಸ್ ಸ್ಟ್ಯಾಂಡುಗಳನ್ನು ಯೋಜಿಸಿದವರು ಅದನ್ನು ನೋಡಿ ಎಲ್ಲ ದಿಕ್ಕನ್ನೂ ಒಂದೇ ಸೂರಿನಡಿ ತರಬಹುದಿತ್ತು.

ಕೆಳಗಿಳಿದಾಗ ಅತ್ತೆ, "ನಾನು ಇಲ್ಲಿಂದಲೇ ಕೈ ಮುಗಿದೆ ಮಾರಾಯ್ತಿ. ಅವನಿಗೆ ಎತ್ತರ ಉಂಟಲ್ಲ, ಕಂಡಿರ್ತದೆ" ಅಂದರು.

ಮೂರನೇ ವಾರ ಕಾಪು, ಅತ್ತೆಯ ತವರು. ಊಟವಾದ ಮೇಲೆ ಮಾವನ ಹಳೆ ಸೈಕಲಿಗೆ ಗಾಳಿ ಹೊಡೆಸಿ ಕಡಲ ಬದಿಯ ದಾರಿ ಹಿಡಿದೆ. 1901ರ ದೀಪಸ್ತಂಭವನ್ನು ಬೆನ್ನಿಗೆ ಹಾಕಿ ಕೈಪುಂಜಾಲಿನ ಮೇಲೆ ಮಟ್ಟುವಿಗೆ. ಏರಿಲ್ಲ, ಇಳಿಜಾರಿಲ್ಲ. ಸೈಕಲಿಗಾಗಿಯೇ ದೇವರು ಮಾಡಿದ ದಾರಿ ಅಂದರೆ ಇದು. ಮಟ್ಟು ಕಳೆದು ಪಡುಕೆರೆಯ ಕಡೆ ತಿರುಗಿದರೆ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ತೆಂಗು, ಮನೆ, ರಸ್ತೆ. ಒಣಗಲು ಹಾಕಿದ ಮೀನಿನ ವಾಸನೆ ಒಂದು ಫರ್ಲಾಂಗು ಜೊತೆಗೆ ಬಂತು. 2011ರಲ್ಲಿ ಜಿಐ ಮಾನ್ಯತೆ ಪಡೆದ ಮಟ್ಟುಗುಳ್ಳ ಎರಡು ಕಿಲೋ ಹ್ಯಾಂಡಲಿಗೆ ನೇತುಹಾಕಿಕೊಂಡು, ವಾದಿರಾಜರು ಕೊಟ್ಟ ಬೀಜ ಎಂಬ ಕತೆ ನೆನೆಯುತ್ತಾ ವಾಪಸಾದೆ. ಎದುರುಗಾಳಿ ಇತ್ತು. ಬೈಯಲಿಲ್ಲ.

ತೊಂದರೆ ಆದದ್ದು ಸಂಜೆ. ತವರಿನಿಂದ ಉಡುಪಿಯ ಬಸ್ಸಿಗೆ ಹೆದ್ದಾರಿಯ ಆಚೆ ಬದಿಗೆ ಹೋಗಬೇಕು. ನಾಲ್ಕು ಪಥದ 66ನೇ ನಂಬ್ರದ ಹೆದ್ದಾರಿ, ನಡೆಯುವವರಿಗೆ ಅಂತ ನಮ್ಮ ಸ್ಟಾಪಿನಲ್ಲಿ ಏನೂ ಇಲ್ಲ. ಅತ್ತೆ ನನ್ನ ಕೈ ಹಿಡಿದರು. ನಡುವಿನ ವಿಭಜಕದ ಹತ್ತಿರ ಮುಟ್ಟುವಾಗ ಅವರ ಮಂಡಿ ನಿಂತೇ ಹೋಯಿತು. ಹಿಂದೆ ಲಾರಿ, ಮುಂದೆ ಕಾರುಗಳ ಸಾಲು. ಅಲ್ಲೇ, ಗಿಡಗಳ ನಡುವೆ, ಎಷ್ಟು ಹೊತ್ತು ನಿಂತೆವೋ. ಅತ್ತೆ ಮಾತಾಡಲಿಲ್ಲ. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ನಾನು ನೋಡಿಲ್ಲ. ಕೊನೆಗೆ ಮೀನಿನ ಬುಟ್ಟಿಯ ಹೆಂಗಸೊಬ್ಬಳು ಆ ಕಡೆಯಿಂದ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿ ನಮ್ಮನ್ನು ಕರೆದುಕೊಂಡಳು. ಭಾನುವಾರವಾದ್ದರಿಂದ ನಾವು ನಂಬಿದ್ದ ಬಸ್ಸಿನ ಟ್ರಿಪ್ ಕಟ್ ಆಗಿತ್ತು. ಎಕ್ಸ್‌ಪ್ರೆಸ್‌ಗಳು ನಿಲ್ಲಲಿಲ್ಲ. ಕತ್ತಲಾದ ಮೇಲೆ ಆಟೋ ಮಾಡಿ 400 ರೂಪಾಯಿ ಕೊಟ್ಟೆ.

ಸೋತೆ ಅಂದುಕೊಂಡೇ ಮನೆಗೆ ಬಂದೆ. ಇವರು ಬಾಗಿಲಲ್ಲೇ, "ಅಮ್ಮ, ಕಷ್ಟ ಆಯ್ತಾ?" ಕೇಳಿದರು.

"ಬಸ್ಸಿನಲ್ಲಿ ಎಂತ ಕಷ್ಟ? ರಸ್ತೆ ದಾಟುದು ಕಷ್ಟ. ದಾಟ್ಲಿಕ್ಕೆ ಬಿಡದ್ದು ನಿಮ್ಮಂಥ ಕಾರಿನವರು" ಅಂದು ಅತ್ತೆ ಬಿಸಿನೀರು ಕೇಳಿದರು.

ಆ ರಾತ್ರಿ ಅವರ ಮಂಡಿಗೆ ಎಣ್ಣೆ ಹಚ್ಚುವಾಗ ಕಾಲು ಇನ್ನೂ ನಡುಗುತ್ತಿತ್ತು. ಅದನ್ನು ಮಗನಿಗೆ ಹೇಳಬಾರದು ಅಂತ ನನಗೆ ಕಣ್ಣಲ್ಲೇ ಹೇಳಿದರು. ನಾನು ಹೇಳಿದೆ. ಗೆಲ್ಲಲು ಮುಚ್ಚಿಡುವ ವಿಷಯವಲ್ಲ ಅದು. ಇವರು ತುಂಬಾ ಹೊತ್ತು ಯೋಚಿಸಿ, ಕಾಪುವಿಗೆ ಮಾತ್ರ ಬಾಡಿಗೆ ಕಾರು, ಬೇರೆ ಕಡೆಗೆಲ್ಲ ಬಸ್ಸು, ಹಾಗೆ ಇನ್ನೊಂದು ತಿಂಗಳು ನೋಡುವಾ ಅಂದರು. ಖರ್ಚಿನ ಪುಸ್ತಕದಲ್ಲಿ ಆ 400 ಸೇರಿಯೂ ತಿಂಗಳಿಗೆ 3,260 ಆಗಿತ್ತು. ಕಂತು ಅದರ ಮೂರು ಪಾಲಿಗೂ ಮೇಲೆ.

ಶೋರೂಮಿನವರು ಕೊಟ್ಟ ಬಣ್ಣದ ಪುಸ್ತಿಕೆ ಟೀಪಾಯಿಯ ಮೇಲೆ ಇತ್ತು. ನಿನ್ನೆ ನೋಡಿದರೆ ಕಾಣಲಿಲ್ಲ. ಪರ್ಕಳದ ಸ್ಟಾಪಿನಲ್ಲಿ ಅತ್ತೂರು ಜಾತ್ರೆಗೆ ಹೋಗಲು ಕಾರ್ಕಳದ ಬಸ್ಸು ಕಾಯುವಾಗ ಅತ್ತೆ ಅದನ್ನು ಚೀಲದಿಂದ ತೆಗೆದು, ಎರಡು ಮಡಿಕೆ ಮಾಡಿ ಗಾಳಿ ಹಾಕಿಕೊಳ್ಳತೊಡಗಿದರು. "ಕಾಗದ ಮಾತ್ರ ಗಟ್ಟಿ ಉಂಟು ಇದರದ್ದು" ಅಂದರು.