ಹಳ್ಳಿಕಾರ್ ಎತ್ತಿನ ಬಣ್ಣ

ತೈಲಚಿತ್ರವೆಂದೊಡನೆ ನಮ್ಮಲ್ಲನೇಕರಿಗೆ ಮೈಸೂರಿನ ಜಗನ್ಮೋಹನ ಅರಮನೆಯ ರವಿವರ್ಮನ (1848–1906) ಚಿತ್ರಗಳು ನೆನಪಾಗುತ್ತವೆ. ದೇವತೆಗಳಿಗೂ ರಾಣಿಯರಿಗೂ ಸಂದ ಆ ಬಣ್ಣ ಮಂಡ್ಯ ಸೀಮೆಯ ಎತ್ತಿಗೇಕೆ ಸಲ್ಲಬಾರದು? ಈ ಹಟದಿಂದಲೇ ನಮ್ಮ ಮನೆಯ ಹಳ್ಳಿಕಾರ್ ಎತ್ತನ್ನು ಬರೆಯಲು ಹೊರಟೆ.

ಹಳ್ಳಿಕಾರ್ ಬೂದುಬಣ್ಣದ್ದೆಂದು ಹೇಳಿಬಿಡುವುದು ಸುಲಭ. ಕುಂಚ ಹಿಡಿದು ಕುಳಿತರೆ ಹೆಗಲಿನಲ್ಲಿ ಮಳೆಮೋಡದ ಕಪ್ಪು, ಪಕ್ಕೆಯಲ್ಲಿ ವಿಭೂತಿಯ ಬಿಳುಪು. ಇಷ್ಟನ್ನೂ ಒಂದೇ ಸಲಕ್ಕೆ ಬಳಿಯುವುದು ಹಳಬರ ಪದ್ಧತಿಯಲ್ಲ. ಮೊದಲು ಎಣ್ಣೆ ಕಡಿಮೆಯಿರುವ ತೆಳುಬಣ್ಣದಲ್ಲಿ ನೆರಳು ಬೆಳಕನ್ನಷ್ಟೇ ಕೂಡಿಸಬೇಕು. ಅದು ಒಣಗಿದ ಮೇಲೆ ಎಣ್ಣೆ ಹೆಚ್ಚಿದ ಪಾರದರ್ಶಕ ಬಣ್ಣವನ್ನು ಪದರಪದರವಾಗಿ ಹಾಯಿಸಬೇಕು. ಅಗಸೆಯೆಣ್ಣೆ ನೀರಿನಂತೆ ಆವಿಯಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಮೆಲ್ಲಗೆ ಗಟ್ಟಿಯಾಗುತ್ತದೆ. ಕೆಳಗಿನ ಪದರ ಜಿಡ್ಡಾಗಿದ್ದು ಮೇಲಿನದು ಬೇಗ ಒಣಗಿದರೆ ಚಿತ್ರ ಬಿರಿಯುತ್ತದೆ.

ಎಣ್ಣೆಗೆ ಅವಸರವಿರಲಿಲ್ಲ, ಮನೆಗಿತ್ತು. ಉಳುಮೆಗೆ ಟ್ರ್ಯಾಕ್ಟರು ಬಂದಿತ್ತು, ಮೇವು ದುಬಾರಿಯಾಗಿತ್ತು. ಮೊದಲ ಪದರ ಒಣಗುವ ಮುನ್ನವೇ ಎತ್ತು ಜಾತ್ರೆಗೆ ನಡೆಯಿತು. ತಂದೆಯವರು ಹಗ್ಗವನ್ನು ಮಾತ್ರ ಹಿಂದಕ್ಕೆ ತಂದರು.

ಉಳಿದ ಪದರಗಳನ್ನು ನೆನಪಿನಿಂದ ಹಾಯಿಸಿದೆ. ಅಡಿಯಲ್ಲಿ ಕಣ್ಣಾರೆ ಕಂಡು ಬರೆದ ನೆರಳಿದ್ದುದರಿಂದ ಕೈ ನಡುಗಲಿಲ್ಲ. ಮುಗಿದ ಚಿತ್ರದ ಮುಂದೆ ತಂದೆಯವರು ಬಹಳ ಹೊತ್ತು ನಿಂತು, “ನೊಗದ ಕಲೇನೂ ಬುಟ್ಟಿಲ್ವಲ್ಲೋ ಮಗ” ಎಂದರು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಹುಣಸೆಮರಗಳಿಗೆ ಬರುವ ಬಣ್ಣದ ಕೊಕ್ಕರೆ, ಮಳವಳ್ಳಿ ಸೀಮೆಯ ಬಂಡೂರು ಕುರಿ ಇನ್ನೂ ನಮ್ಮ ಕಣ್ಣೆದುರಿಗಿವೆ. ಮಿತ್ರರೇ, ಮೊದಲ ಪದರವನ್ನಾದರೂ ಅವು ಎದುರಿಗಿರುವಾಗಲೇ ಹಾಕಿಕೊಳ್ಳೋಣ.