ತಂತಿಯ ಆ ತುದಿಯ ಊರುಗಳು

ಪೊನ್ನಂಪೇಟೆ ತಾಲ್ಲೂಕಿನಲ್ಲಿ ತಿತಿಮತಿಯ ಕಡೆ ಓಡಾಡುವವರಿಗೆ ಕಾಡು ಮತ್ತು ಕಾಫಿ ತೋಟಗಳ ನಡುವೆ ಉಕ್ಕಿನ ಎತ್ತರದ ಗೋಪುರಗಳ ಸಾಲು ಕಾಣಿಸುತ್ತದೆ. ಗೋಪುರಗಳ ಕೆಳಗೆ ದೊಡ್ಡ ಮರಗಳಿಲ್ಲ. ಇದು ಮೈಸೂರಿನಿಂದ ಕಲ್ಲಿಕೋಟೆಗೆ ಹೋಗುವ 400 ಕಿಲೋವೋಲ್ಟ್ ವಿದ್ಯುತ್ ಮಾರ್ಗ. ಇದಕ್ಕಾಗಿ ದಕ್ಷಿಣ ಕೊಡಗಿನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮರಗಳು ಬಲಿಯಾಗುತ್ತವೆ ಎಂದು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಹೋರಾಡಿತು, ನ್ಯಾಯಾಲಯಕ್ಕೂ ಹೋಯಿತು. ಕೊನೆಗೆ 2015ರಲ್ಲಿ ಮಾರ್ಗ ಪೂರ್ಣಗೊಂಡಿತು.

ಈ ತಂತಿ ಎಲ್ಲಿಂದ ಬಂತು? ಕೈಗಾ ಅಣು ವಿದ್ಯುತ್ ಸ್ಥಾವರದ ಮೂರು ಮತ್ತು ನಾಲ್ಕನೆಯ ಘಟಕಗಳ ವಿದ್ಯುತ್ತನ್ನು ಸಾಗಿಸುವ ಜಾಲದ ಭಾಗವಾಗಿಯೇ ಇದನ್ನು ಯೋಜಿಸಲಾಗಿತ್ತು. ಜಾಲಕ್ಕೆ ಸೇರಿದ ಮೇಲೆ ಯಾವ ವಿದ್ಯುತ್ ಎಲ್ಲಿಯದೆಂದು ಬೇರ್ಪಡಿಸಲು ಬರುವುದಿಲ್ಲ, ನಿಜ. ಆದರೂ ನಮ್ಮ ತಾಲ್ಲೂಕಿನ ಮರ ಕಡಿಸಿದ ತಂತಿಯ ಬೇರು ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿದೆ. ಆ ದಂಡೆಯ ಜನ ಹೇಗೆ ಬದುಕುತ್ತಿದ್ದಾರೆ ಎಂದು ನೋಡುವ ಕುತೂಹಲದಿಂದಲೇ ನಾನು ಅಲ್ಲಿಗೆ ಹೋದದ್ದು.

ಕಾರವಾರದಲ್ಲಿ ಕಡಲನ್ನು ಬಿಟ್ಟು, ಯಲ್ಲಾಪುರದ ಕಡೆಗೆ ಘಟ್ಟವೇರುವ ರಸ್ತೆ ಹಿಡಿದರೆ ಕಾಳಿ ನದಿ ಜೊತೆಗೇ ಬರುತ್ತದೆ. ಕದ್ರಾ, ಮಲ್ಲಾಪುರ ದಾಟಿದಂತೆ ಕಾಡು ದಟ್ಟವಾಗುತ್ತದೆ. ಕೊಡಗಿನವರಿಗೆ ಇದೇನೂ ಪರಕೀಯ ಅನ್ನಿಸುವುದಿಲ್ಲ. ಅದೇ ಹಸಿರು, ಅದೇ ಮಳೆಯ ಗುರುತು ಹೊತ್ತ ಗೋಡೆಗಳು, ಅಂಗಳದಲ್ಲಿ ಒಣಹಾಕಿದ ಅಡಕೆ. ಮಲ್ಲಾಪುರದಲ್ಲಿ ಸ್ಥಾವರದ ನೌಕರರ ವಸತಿ ಬಡಾವಣೆಯಿದೆ. ಅದರ ಹೊರಗಿನ ಚಹದಂಗಡಿಯಲ್ಲಿ ಕನ್ನಡ, ಕೊಂಕಣಿ, ಹಿಂದಿ ಒಟ್ಟಿಗೇ ಕೇಳಿಸುತ್ತವೆ. ಮಾತು ಬಸ್ಸಿನ ಹೊತ್ತು, ಮೀನಿನ ದರ, ಮಗನಿಗೆ ಸಿಗದ ಗುತ್ತಿಗೆ ಕೆಲಸ ಇವುಗಳ ಸುತ್ತಲೇ. ನಾವಾಗಿ ಕೇಳುವವರೆಗೆ ಅಣುವಿನ ಸುದ್ದಿ ಬರುವುದಿಲ್ಲ.

ಕೇಳಿದರೆ ಮಾತ್ರ ಹಿರಿಯರಿಗೆ ಒಂದು ದಿನಾಂಕ ನೆನಪಿದೆ. 1994ರ ಮೇ 13. ಸ್ಥಾವರದ ಕಾಮಗಾರಿ 1989ರಲ್ಲಿ ಆರಂಭವಾಗಿತ್ತು. ಚೆರ್ನೋಬಿಲ್ ದುರಂತ ನಡೆದದ್ದು 1986ರಲ್ಲಿ. ಅದರ ಭಯ ಇನ್ನೂ ಹಸಿಯಾಗಿದ್ದ ಕಾಲ. ಕೈಗಾವನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಈ ಭಾಗದಿಂದಲೇ ನಿಂತು ಸೋತಿದ್ದರು. ಕೆಲಸ ಮುಂದುವರಿದು, ಒಂದನೆಯ ಘಟಕದ ಒಳ ಗುಮ್ಮಟದವರೆಗೆ ಬಂದಿತ್ತು. ರಿಯಾಕ್ಟರಿನಲ್ಲಿ ಏನಾದರೂ ಆದರೆ ವಿಕಿರಣ ಹೊರಹೋಗದಂತೆ ತಡೆಯಬೇಕಾದ ಕಾಂಕ್ರೀಟ್ ಮುಚ್ಚಳ ಅದು. ಆ ದಿನ ಗುಮ್ಮಟದ ಒಳಮೈಯ ಕಾಂಕ್ರೀಟ್ ಪದರು ಪದರಾಗಿ ಬಿಟ್ಟುಕೊಂಡು ಕೆಳಗೆ ಬಿತ್ತು. ಬಿದ್ದ ಕಾಂಕ್ರೀಟಿನ ತೂಕ ಸುಮಾರು 130 ಟನ್. ಕಾರ್ಮಿಕರು ಗಾಯಗೊಂಡರು, ಪ್ರಾಣಹಾನಿ ಆಗಲಿಲ್ಲ.

ಗುಮ್ಮಟ ಬಿದ್ದದ್ದೇಕೆ? ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿಯಿದು. ಇಂಥ ಗುಮ್ಮಟದೊಳಗೆ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ ಬಲವಾಗಿ ಎಳೆದು ಬಿಗಿಯುತ್ತಾರೆ. ಬಾಗಿದ ಕೇಬಲ್ಲನ್ನು ಎಳೆದಾಗ ಅದು ನೆಟ್ಟಗಾಗಲು ನೋಡುತ್ತದೆ. ಕಾಂಕ್ರೀಟಿನ ಪದರುಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಸೆಳೆತ ಹುಟ್ಟುತ್ತದೆ. ಆ ಸೆಳೆತವನ್ನು ತಡೆಯುವಷ್ಟು ಶಕ್ತಿ ಗುಮ್ಮಟದ ವಿನ್ಯಾಸದಲ್ಲಿ ಇರಲಿಲ್ಲ. ತನಿಖೆ ನಡೆದು, ವಿನ್ಯಾಸ ಬದಲಾಗಿ, ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಈಗ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ.

ಗುಮ್ಮಟ ಬಿದ್ದಾಗ ಒಳಗೆ ಇಂಧನ ಇರಲಿಲ್ಲ. ಆದ್ದರಿಂದ ವಿಕಿರಣದ ಪ್ರಶ್ನೆಯೇ ಏಳಲಿಲ್ಲ. ಇದನ್ನು ಸುತ್ತಲಿನ ಊರಿನವರೂ ಒಪ್ಪುತ್ತಾರೆ. ಅವರ ಮನಸ್ಸಿನಲ್ಲಿ ಉಳಿದದ್ದು ಬೇರೆ ಪ್ರಶ್ನೆ: ಬೀಳುವುದೇ ಇಲ್ಲ ಎಂದು ಹೇಳಿದ್ದು ಬಿದ್ದ ಮೇಲೆ, ಮುಂದಿನ ಸಲ ಯಾರ ಮಾತನ್ನು ನಂಬಬೇಕು?

ಹದಿನೈದು ವರ್ಷಗಳ ನಂತರ ಆ ಪ್ರಶ್ನೆ ಮತ್ತೆ ಬಂತು. 2009ರ ನವೆಂಬರ್‌ನಲ್ಲಿ ಸಿಬ್ಬಂದಿಯ ಮೂತ್ರ ಪರೀಕ್ಷೆ ಎಂದಿನಂತೆ ನಡೆದಾಗ ಹಲವರ ದೇಹದಲ್ಲಿ ಟ್ರೀಷಿಯಂ ಅಂಶ ಹೆಚ್ಚಾಗಿರುವುದು ಕಂಡುಬಂತು. ಟ್ರೀಷಿಯಂ ಎಂದರೆ ವಿಕಿರಣಶೀಲವಾದ ಜಲಜನಕ. ರಿಯಾಕ್ಟರಿನಲ್ಲಿ ಬಳಸುವ ಭಾರಜಲದಲ್ಲಿ ಅದು ಉತ್ಪತ್ತಿಯಾಗುತ್ತದೆ. ನೀರಿನೊಂದಿಗೆ ನೀರಾಗಿ ಬೆರೆತುಬಿಡುತ್ತದೆ. ಸ್ಥಾವರದೊಳಗಿನ ಕುಡಿಯುವ ನೀರಿನ ಒಂದು ಕೂಲರ್‌ಗೆ ಯಾರೋ ಅಂಥ ಭಾರಜಲವನ್ನು ಬೇಕೆಂದೇ ಬೆರೆಸಿದ್ದರು ಎಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ಮಂದಿ ಆ ನೀರು ಕುಡಿದಿದ್ದರು. ಟ್ರೀಷಿಯಂ ಬೇಗ ಹೊರಹೋಗಲೆಂದು ಅವರಿಗೆ ಹೆಚ್ಚು ನೀರು ಕುಡಿಸಿ ಚಿಕಿತ್ಸೆ ನೀಡಲಾಯಿತು. ಹೊರಗಿನ ಪರಿಸರಕ್ಕೆ ಏನೂ ಸೋರಿಲ್ಲ ಎಂದು ಅಣು ವಿದ್ಯುತ್ ನಿಗಮ ಪ್ರಕಟಿಸಿತು.

ನಿಗಮದ ಮಾತು ಸರಿಯೇ ಇರಬಹುದು. ಆದರೆ ಮನೆಯ ಯಜಮಾನ ಅಲ್ಲೇ ಕೆಲಸ ಮಾಡುತ್ತಿರುವಾಗ, ಅವನ ಸ್ಥಾವರದ ಸುದ್ದಿಯನ್ನು ಮನೆಯವರು ಟಿ.ವಿ.ಯಲ್ಲಿ ನೋಡಿ ತಿಳಿಯಬೇಕಾದರೆ ಹೇಗಿರುತ್ತದೆ? ಆ ಊರುಗಳ ಆತಂಕದ ಸ್ವರೂಪ ಹೀಗೆ. ಸ್ಥಾವರ ಅನ್ನ ಕೊಟ್ಟಿದೆ. ಆಸ್ಪತ್ರೆ, ಶಾಲೆ ತಂದಿದೆ. ಹಾಗಾಗಿ ಬೈಯಲೂ ಮನಸ್ಸಿಲ್ಲ, ಪೂರ್ತಿ ನಂಬಲೂ ಧೈರ್ಯವಿಲ್ಲ. ಹಿತ್ತಲಿನ ಬಾವಿಯ ನೀರನ್ನು ಎಂದಿನಂತೆ ಸೇದುತ್ತಾರೆ, ಕಾಳಿಯ ಮೀನನ್ನು ಎಂದಿನಂತೆ ಸಾರು ಮಾಡುತ್ತಾರೆ. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಮಾತ್ರ, ಇದು ಅದರಿಂದಲೇ ಇರಬಹುದೇ ಎಂಬ ಸಂಶಯ ಮೂಲೆಯಿಂದ ಎದ್ದು ಬರುತ್ತದೆ.

ಸ್ಥಾವರದ ಪರಿಸರ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಮೀನು, ಬೆಳೆಗಳ ಮಾದರಿಗಳನ್ನು ನಿಯಮಿತವಾಗಿ ಪರೀಕ್ಷಿಸುತ್ತದೆ. 16 ಕಿಲೋಮೀಟರ್ ವ್ಯಾಪ್ತಿಯ ಊರುಗಳಿಗೆ ತುರ್ತು ಯೋಜನೆಯಿದೆ. ಅದರ ಹೊಣೆ ಜಿಲ್ಲಾಡಳಿತದ್ದು. ಆಗಾಗ ಅಣಕು ಕಾರ್ಯಾಚರಣೆ ನಡೆಯುತ್ತದೆ: ಸೈರನ್ ಕೂಗುತ್ತದೆ, ಧ್ವನಿವರ್ಧಕದ ವಾಹನ ಬರುತ್ತದೆ, ಕಿಟಕಿ ಬಾಗಿಲು ಮುಚ್ಚಿ ಒಳಗಿರಿ ಎನ್ನುತ್ತಾರೆ, ಬೇಕಾದರೆ ಬಸ್ಸಿನಲ್ಲಿ ಸಾಗಿಸುತ್ತಾರೆ. ಅಯೋಡಿನ್ ಮಾತ್ರೆಯ ಮಾತೂ ಬರುತ್ತದೆ. ಅಪಘಾತದಲ್ಲಿ ಹೊರಬರುವ ವಿಕಿರಣಶೀಲ ಅಯೋಡಿನ್ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿಕೊಳ್ಳುತ್ತದೆ. ಮೊದಲೇ ಒಳ್ಳೆಯ ಅಯೋಡಿನ್ ತುಂಬಿಸಿದರೆ ಅದಕ್ಕೆ ಜಾಗವಿರುವುದಿಲ್ಲ. ಚೆರ್ನೋಬಿಲ್ ಸುತ್ತಲಿನ ಮಕ್ಕಳು ಕಲುಷಿತ ಹಾಲು ಕುಡಿದು ಥೈರಾಯ್ಡ್ ಕ್ಯಾನ್ಸರಿಗೆ ತುತ್ತಾದದ್ದರಿಂದ ಜಗತ್ತು ಕಲಿತ ಪಾಠವಿದು. ಆದರೆ ಅಧಿಕಾರಿಗಳು ಹೇಳದೆ ಮಾತ್ರೆಯನ್ನು ತಾವಾಗಿ ನುಂಗಬಾರದು.

ಇಷ್ಟಿದ್ದರೂ ಆ ದಂಡೆಯ ಜನರನ್ನು ನಿಜವಾಗಿ ಮನೆ ಬಿಡಿಸಿದ್ದು ಅಣುವಲ್ಲ, ನೀರು. 2019ರ ಆಗಸ್ಟ್‌ನಲ್ಲಿ, ನಮ್ಮ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿದ ಅದೇ ಮಳೆಯಲ್ಲಿ, ಕದ್ರಾ ಅಣೆಕಟ್ಟೆಯಿಂದ ಬಿಟ್ಟ ನೀರು ಕೆಳಗಿನ ಊರುಗಳಿಗೆ ನುಗ್ಗಿತು. ಆಗಲೂ ಜನ ಕೇಳಿದ್ದು ಮುನ್ಸೂಚನೆಯ ಪ್ರಶ್ನೆಯನ್ನೇ: ಎಷ್ಟು ನೀರು ಬಿಡುತ್ತೀರಿ, ಯಾವಾಗ ಬಿಡುತ್ತೀರಿ, ನಮಗೆ ಯಾರು ಹೇಳುತ್ತಾರೆ? ನೀರು ಏರುವುದು ಕಣ್ಣಿಗಾದರೂ ಕಾಣುತ್ತದೆ. ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದನ್ನು ಅಳೆಯುವ ಯಂತ್ರ ಯಾರ ಕೈಯಲ್ಲಿದೆಯೋ ಅವರ ಬಾಯಿಂದಲೇ ಅದು ತಿಳಿಯಬೇಕು.

ಒಂದನೆಯ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ಓಡಿ ದಾಖಲೆ ಮಾಡಿತು. ಅದು ನಮ್ಮ ಎಂಜಿನಿಯರರ ಸಾಮರ್ಥ್ಯಕ್ಕೆ ಸಾಕ್ಷಿ, ಮೆಚ್ಚಲೇಬೇಕು. ಅದೇ ಡಿಸೆಂಬರ್‌ನಲ್ಲಿ, ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳ ಬಗ್ಗೆ ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಯಲ್ಲಿ ವಿರೋಧದ ದನಿಗಳೂ ಕೇಳಿದವು. ಎರಡೂ ಒಂದೇ ಊರಿನ ಸುದ್ದಿಗಳು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಯಾರಿಗೂ ಉಪಕಾರವಾಗದು.

ತಂದೆ ತಾಯಿಯರಲ್ಲಿ ಒಂದು ಮಾತು. ಪರೀಕ್ಷೆಗಾಗಿ ಮಕ್ಕಳು ಅಣು ವಿದಳನದ ಸಮೀಕರಣ ಬಾಯಿಪಾಠ ಮಾಡುತ್ತಾರೆ. ಅದರ ಜೊತೆಗೆ ಅವರನ್ನು ಒಮ್ಮೆ ಕಾಳಿಯ ದಂಡೆಗೂ ಕರೆದೊಯ್ಯಿರಿ. ಯಾವ ಘಟಕ, ಎಷ್ಟು ಮೆಗಾವಾಟ್ ಎಂದು ಬರೆದುಕೊಳ್ಳಲಿ. ನೀರಿನ ಪರೀಕ್ಷೆಯ ಫಲಿತಾಂಶ ಕನ್ನಡದಲ್ಲಿ, ಪಂಚಾಯಿತಿಯ ಹಲಗೆಯ ಮೇಲೆ ಸಿಗುತ್ತದೆಯೇ ಎಂದೂ ಕೇಳಲಿ. ಮುಂದೆ ಅವರಲ್ಲೇ ಒಬ್ಬರು ಆ ಸ್ಥಾವರದ ಎಂಜಿನಿಯರ್ ಆದಾರು, ಇನ್ನೊಬ್ಬರು ಜಿಲ್ಲಾಧಿಕಾರಿಯಾದಾರು. ಗುಮ್ಮಟವನ್ನು ಗಟ್ಟಿಯಾಗಿ ಕಟ್ಟುವುದು ಮೊದಲನೆಯವರ ಕೆಲಸವಾದರೆ, ಸುದ್ದಿಯನ್ನು ಹೊತ್ತಿಗೆ ಸರಿಯಾಗಿ ಊರಿಗೆ ಮುಟ್ಟಿಸುವುದು ಎರಡನೆಯವರ ಕೆಲಸ. ಆ ದಂಡೆಯ ಜನ ಕಾಯುತ್ತಿರುವುದು ಇವೆರಡಕ್ಕೂ.