ಗಾಯ ಕಂಡಾಗ ಆಣೆ ಹಾಕಿಸಬೇಡಿ



ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯವನ್ನು ನಾವು ಎಷ್ಟೋ ಬಾರಿ ಬಲಿಪೂಜೆಯಲ್ಲಿ ಓದಿದ್ದೇವೆ. ಗೆರಸೇನರ ನಾಡಿನ ಆ ಮನುಷ್ಯ ಸಮಾಧಿಗಳ ನಡುವೆ ವಾಸಿಸುತ್ತಾ, ಹಗಲಿರುಳು ಕೂಗುತ್ತಾ, ಕಲ್ಲುಗಳಿಂದ ತನ್ನ ಮೈಯನ್ನೇ ಗಾಯ ಮಾಡಿಕೊಳ್ಳುತ್ತಿದ್ದ. ಪ್ರಬೋಧನೆಯಲ್ಲಿ ದೆವ್ವದ ಬಗ್ಗೆ, ಹಂದಿಗಳ ಬಗ್ಗೆ ಹೇಳುತ್ತೇವೆ. ಕಲ್ಲಿನ ಮಾತನ್ನು ಸುಮ್ಮನೆ ದಾಟಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ತಾಯಿಯೊಬ್ಬರು ಒಂಬತ್ತನೇ ತರಗತಿಯ ಮಗಳನ್ನು ಗುರುಮನೆಗೆ ಕರೆತಂದರು. ಬಿರುಬೇಸಿಗೆಯಲ್ಲೂ ಹುಡುಗಿ ತುಂಬುತೋಳಿನ ಅಂಗಿ ಬಿಡುತ್ತಿರಲಿಲ್ಲ. ಬಟ್ಟೆ ಒಗೆಯುವಾಗ ತಾಯಿಗೆ ತೋಳಿನಲ್ಲಿ ರಕ್ತದ ಕಲೆ ಕಂಡಿತ್ತು. "ನೀವೇ ಬುದ್ಧಿ ಹೇಳಿ ಸ್ವಾಮಿ, ಎಷ್ಟು ಕೇಳಿದರೂ ಬಾಯಿ ಬಿಡುತ್ತಿಲ್ಲ" ಎಂದರು. ನಾವು ಬುದ್ಧಿ ಹೇಳಿದೆವು. ದೇಹ ಪವಿತ್ರಾತ್ಮರ ಆಲಯ ಎಂದೆವು, ತಾಯಿಯ ಕಣ್ಣೀರು ತೋರಿಸಿದೆವು, ಕೊನೆಗೆ ಬೈಬಲ್ ಮೇಲೆ ಕೈಯಿರಿಸಿ 'ಇನ್ನು ಮಾಡುವುದಿಲ್ಲ' ಎಂದು ಆಣೆ ಮಾಡಿಸಿದೆವು. ಹುಡುಗಿ ಮರುಮಾತಿಲ್ಲದೆ ಮಾಡಿದಳು. ಕೆಲಸ ಮುಗಿಯಿತೆಂದು ಕಾಫಿ ಕೊಟ್ಟು ಕಳುಹಿಸಿದೆವು.

ಆ ಆಣೆ ಏನು ಮಾಡಿತೆಂಬುದು ಏಳೆಂಟು ತಿಂಗಳ ಮೇಲೆ, ಆಕೆ ಧರ್ಮೋಪದೇಶದ ಸಿಸ್ಟರ್ ಬಳಿ ಅತ್ತಾಗ ತಿಳಿಯಿತು. ಗಾಯ ನಿಂತಿರಲಿಲ್ಲ, ಯಾರಿಗೂ ಕಾಣದ ಕಡೆಗೆ ಸರಿದಿತ್ತು. ಆಣೆ ಮುರಿದ ಭಯಕ್ಕೆ ಪರಮಪ್ರಸಾದ ಸ್ವೀಕರಿಸುವುದನ್ನೇ ಬಿಟ್ಟಿದ್ದಳು. ಇದ್ದ ನೋವಿನ ಮೇಲೆ ನಾವು ಇನ್ನೊಂದನ್ನು ಹೇರಿದ್ದೆವು. (ಇದು ಪಾಪನಿವೇದನೆಯಲ್ಲಿ ಕೇಳಿದ್ದಲ್ಲ, ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.)

ಗುರುಮಠದಲ್ಲಿ ಮನಶ್ಶಾಸ್ತ್ರ ಓದಿದ್ದರೂ ಮನೋವೈದ್ಯರೊಬ್ಬರ ಎದುರು ಕುಳಿತು ಮತ್ತೆ ಕಲಿಯಬೇಕಾಯಿತು. ಇದು ನಾಟಕವಲ್ಲ, ಹಟವೂ ಅಲ್ಲ. ಹೇಳಲು ಮಾತು ಸಿಗದ ಸಂಕಟ, ಕೋಪ, ತನ್ನ ಮೇಲಿನ ಅಸಹ್ಯ ಉಕ್ಕಿ ಬಂದಾಗ, ಇಲ್ಲವೇ ಒಳಗೆಲ್ಲಾ ಮರಗಟ್ಟಿದಂತಾದಾಗ, ಅದನ್ನು ತಾಳಿಕೊಳ್ಳಲು ಆ ಜೀವ ಹುಡುಕಿಕೊಂಡ ದಾರಿ. ಸಿಗುವ ಸಮಾಧಾನ ಕ್ಷಣದ್ದು. ಹಿಂದೆಯೇ ನಾಚಿಕೆ, ನಾಚಿಕೆಯಿಂದ ಮತ್ತೆ ಸಂಕಟ. ಹೆಚ್ಚಾಗಿ ಹದಿಹರೆಯದಲ್ಲಿ ಶುರುವಾಗುತ್ತದೆ, ಗಂಡುಮಕ್ಕಳಲ್ಲೂ ಉಂಟು. ಅನೇಕರಿಗೆ ಸಾಯುವ ಉದ್ದೇಶ ಇರುವುದಿಲ್ಲ. ಆದರೂ ಇವರಲ್ಲಿ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚು. ಆದ್ದರಿಂದ 'ಸಾಯುವ ಯೋಚನೆ ಬರುತ್ತದೆಯೇ' ಎಂದು ನೇರವಾಗಿ ಕೇಳಬೇಕು. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ಅವರ ಬಗ್ಗೆ ಹೇಳಿದ್ದೂ ಆ ವೈದ್ಯರೇ. ಕಥೋಲಿಕ ಮನೆತನದ ಈಕೆ 1961ರಲ್ಲಿ, ಹದಿನೇಳರ ವಯಸ್ಸಿನಲ್ಲಿ ಮಾನಸಿಕ ಆಸ್ಪತ್ರೆ ಸೇರಿದ್ದರು. ತನ್ನ ಮೈಯನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದವರು. 1967ರಲ್ಲಿ ಷಿಕಾಗೋದ ಪುಟ್ಟ ಪ್ರಾರ್ಥನಾಲಯವೊಂದರಲ್ಲಿ ಮೊಣಕಾಲೂರಿದ್ದಾಗ, ತನ್ನನ್ನು ತಾನು ಪ್ರೀತಿಸಬಲ್ಲೆನೆಂಬ ಅನುಭವ ಅವರಿಗಾಯಿತು. ಮುಂದೆ ಓದಿ, ಇಂಥವರಿಗಾಗಿ 'ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ' ಎಂಬ ಚಿಕಿತ್ಸೆ ರೂಪಿಸಿದರು. ಇದ್ದ ಹಾಗೆಯೇ ಒಪ್ಪಿಕೊಳ್ಳುವುದು, ಬದಲಾಗುವ ಬಗೆಯನ್ನೂ ಕಲಿಸುವುದು, ಎರಡೂ ಜೊತೆಗೇ ನಡೆಯಬೇಕೆಂಬುದು ಅದರ ತಿರುಳು. ತಮ್ಮ ಕಥೆಯನ್ನು ಅವರು ಬಹಿರಂಗವಾಗಿ ಹೇಳಿಕೊಂಡದ್ದು 2011ರಲ್ಲಿ, ಅರವತ್ತೆಂಟನೆಯ ವಯಸ್ಸಿನಲ್ಲಿ. ನಾವು ಆ ಹುಡುಗಿಗೆ ಕೊಟ್ಟಿದ್ದು ಒಂದು ಸಂಜೆ.

ತಂದೆತಾಯಂದಿರೇ, ಗಾಯ ಕಂಡರೆ ಕೂಗಾಡಬೇಡಿ, ನೆಂಟರ ಮುಂದೆ ಎತ್ತಿ ಆಡಬೇಡಿ. ತೊಳೆದು ಶುದ್ಧವಾದ ಬಟ್ಟೆ ಕಟ್ಟಿ. ಆಳವಾಗಿದ್ದರೆ ಆಸ್ಪತ್ರೆಗೆ ಹೋಗಿ. 'ಏಕೆ ಮಾಡಿದೆ' ಎನ್ನುವ ಬದಲು 'ಆಗ ನಿನಗೆ ಏನನ್ನಿಸುತ್ತಿತ್ತು ಮಗಳೇ' ಎಂದು ಕೇಳಿ, ಉತ್ತರ ಬರುವತನಕ ಸುಮ್ಮನಿರಿ. ಗಡಿಯ ಈಚೆಗಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಒಂದು ಭಾಷೆ ಆಡಿದರೂ ಒಳಗಿನ ಮಾತು ಮನೆಯ ಕನ್ನಡದಲ್ಲೇ ಹೊರಬರುವುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡವನ್ನೂ ಆರಿಸಿಕೊಳ್ಳಬಹುದು.

ಗೆರಸೇನರ ಆ ಮನುಷ್ಯನ ಹತ್ತಿರ ಯೇಸುಸ್ವಾಮಿ ಆಣೆ ಕೇಳಲಿಲ್ಲ. ಹೆಸರು ಕೇಳಿದರು.

ಹುಡುಗಿಗೆ ಚಿಕಿತ್ಸೆ ಎರಡು ವರ್ಷ ನಡೆಯಿತು. ನಡುವೆ ಮರುಕಳಿಸಿದ್ದೂ ಉಂಟು. ಆದರೆ ಅಡಗಿಸಲಿಲ್ಲ, ಸಿಸ್ಟರ್‌ಗೆ ಫೋನ್ ಮಾಡಿದಳು. ಈಗ ಕಾಲೇಜಿನಲ್ಲಿದ್ದಾಳೆ. ಚಿಕಿತ್ಸೆ ಶುರುವಾದ ವಾರವೇ ನಾವು ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿ, ಹೆದರಿಸಿ ಮಾಡಿಸಿದ ಆಣೆ ನಿನ್ನನ್ನು ಕಟ್ಟಿಹಾಕುವುದಿಲ್ಲ ಎಂದು ಹೇಳಿದ್ದೆವು. ಬಹಳ ಹೊತ್ತು ತಲೆ ತಗ್ಗಿಸಿಯೇ ಇದ್ದವಳು ಕೇಳಿದಳು: "ಹಾಗಾದರೆ ಈ ಭಾನುವಾರ ಪ್ರಸಾದ ತಗೋಬಹುದಾ ಸ್ವಾಮಿ?"